ಉಮ್ಮನ ಪಿಸುಮಾತಿಗೆ ಬಿದ್ದ ಸೊನ್ನೆ

ಅಣ್ಣನ ಕೆಲಸ ಯಾವಾಗಲೂ ಚೊಕ್ಕ. ನಮ್ಮನ್ನು ಹೆತ್ತ ಉಮ್ಮನ ಹಳೆಯ ಕ್ಯಾಸೆಟ್ಟುಗಳನ್ನೂ ಅವನು ಚೊಕ್ಕ ಮಾಡಿದ. ಕಾಸರಗೋಡಿನ ಒಂದು ಅಂಗಡಿಗೆ ಕೊಂಡುಹೋಗಿ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಸಿದ, ಮನೆಯವರ ವಾಟ್ಸಾಪ್ ಗುಂಪಿಗೆ ಕಳುಹಿಸಿದ, ಕ್ಯಾಸೆಟ್ಟುಗಳನ್ನು ಗುಜರಿಯವನಿಗೆ ಕೊಟ್ಟು ಕೈತೊಳೆದುಕೊಂಡ. ಅವು ನನ್ನವು. ಗಲ್ಫಿನಿಂದ ನಾನೇ ತಂದು ಮಂಗಲ್ಪಾಡಿಯ ಮನೆಯ ಕಪಾಟಿನಲ್ಲಿ ಇಟ್ಟದ್ದು. ನನ್ನನ್ನು ಒಂದು ಮಾತು ಕೇಳಲಿಲ್ಲ.

ಉಮ್ಮನಿಗೆ ಓದುಬರಹ ಬರುತ್ತಿರಲಿಲ್ಲ. ಅದಕ್ಕೆ ಪತ್ರದ ಬದಲು ಅವಳ ಮಾತನ್ನೇ ಕ್ಯಾಸೆಟ್ಟಿಗೆ ತುಂಬಿಸಿ, ಗಲ್ಫಿಗೆ ಬರುವವರ ಕೈಯಲ್ಲಿ ನನಗೆ ಕಳುಹಿಸುತ್ತಿದ್ದರು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅದೇ ರೂಢಿ. ಟೇಪ್ ರೆಕಾರ್ಡರಿನ ಗುಂಡಿ ಒತ್ತುವವನು ಅಣ್ಣ, ಏನು ಹೇಳಬೇಕೆಂದು ಹೇಳಿಕೊಡುವವನೂ ಅವನೇ. ಎಲ್ಲರೂ ಸೌಖ್ಯ, ಮುಂದಿನ ಸಲ ಮಿಕ್ಸಿ ಕಳುಹಿಸು, ಅಣ್ಣನಿಗೆ ವಾಚು ಬೇಕಂತೆ, ಅತ್ತಿಗೆಗೆ ಸೀರೆ. ಉಮ್ಮ ಮಗ್ಗಿ ಒಪ್ಪಿಸುವ ಮಕ್ಕಳ ಹಾಗೆ ಗಟ್ಟಿಯಾಗಿ ಒಪ್ಪಿಸುತ್ತಿದ್ದಳು.

ಅಣ್ಣ ನಮಾಜಿಗೆಂದು ಪಳ್ಳಿಗೆ ಹೋದ ಮೇಲೆ ಅವಳು ತಾನೇ ಗುಂಡಿ ಒತ್ತುತ್ತಿದ್ದಳು. ಅಡುಗೆ ಕೋಣೆಯಲ್ಲಿದ್ದವರಿಗೆ ಕೇಳಬಾರದೆಂದು ತಲೆಗೆ ಹೊದ್ದ ತಟ್ಟದ ಸೆರಗನ್ನು ಬಾಯಿಗೆ ಹಿಡಿದು ಪಿಸುಗುಟ್ಟುತ್ತಿದ್ದಳು.

"ಸಾಮಾನು ಎಂತದೂ ಬೇಡ ಮಗಾ. ನೀನು ಬಾ. ನನಗೆ ಇಲ್ಲಿ ಮಾತಾಡ್ಲಿಕ್ಕೆ ಯಾರೂ ಇಲ್ಲ."

ಟೇಪಿನ ಸುಯ್ಯೆನ್ನುವ ಸದ್ದಿನೊಳಗಿಂದ ಆ ಮಾತುಗಳನ್ನು ಒಂದೊಂದಾಗಿ ಹೆಕ್ಕಿ ಕೇಳುತ್ತಿದ್ದೆ. ಕಂಪೆನಿ ರಜೆ ಕೊಟ್ಟದ್ದು ಅವಳು ತೀರಿಹೋದ ಮೇಲೆ.

ಈಗ ಮೊಬೈಲಿನಲ್ಲಿ ಹಾಕಿದರೆ ಮಿಕ್ಸಿ ಸ್ಪಷ್ಟ, ವಾಚು ಸ್ಪಷ್ಟ, ಸೀರೆಯ ಬಣ್ಣ ಕೂಡ ಸ್ಪಷ್ಟ. ಆಮೇಲೆ ಏನೂ ಇಲ್ಲ. ಸದ್ದು ಪೂರ್ತಿ ಏರಿಸಿ ಕಿವಿಗೆ ಒತ್ತಿ ಹಿಡಿದೆ. ಆ ಸುಯ್ಯೆನ್ನುವುದೂ ಇರಲಿಲ್ಲ.

ಅಂಗಡಿ ಹುಡುಕಿಕೊಂಡು ಹೋದೆ. ಅಂಗಡಿಯವನು ಸಮಾಧಾನದಿಂದಲೇ ವಿವರಿಸಿದ. ಕಂಪ್ಯೂಟರಿಗೆ ಸ್ವರ ಗೊತ್ತಿಲ್ಲವಂತೆ, ಉಮ್ಮನೂ ಗೊತ್ತಿಲ್ಲ. ಅದು ಸದ್ದಿನ ಏರಿಳಿತವನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆಯುತ್ತದೆ, ಅಳೆದದ್ದನ್ನು ಅಂಕೆ ಮಾಡುತ್ತದೆ, ಆ ಅಂಕೆಯನ್ನು ಬರೀ ಒಂದು ಮತ್ತು ಸೊನ್ನೆಗಳಲ್ಲಿ ಬರೆದಿಡುತ್ತದೆ. ಹಳೆಯ ಟೇಪಿನ ಗಲಾಟೆ ತೆಗೆಯಬೇಕಾದರೆ ಒಂದು ಗೆರೆ ಹಾಕುವುದು, ಅದಕ್ಕಿಂತ ಮೆಲ್ಲಗಿನ ಸದ್ದೆಲ್ಲ ಸೊನ್ನೆ. ಒಳ್ಳೆ ಕ್ಲೀನ್ ಆಗಬೇಕು ಎಂದು ಅಣ್ಣ ಹೇಳಿದ್ದನಂತೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು. ಕ್ಲೀನ್ ಮಾಡುವ ಮೊದಲಿನದು ಎಲ್ಲಿ ಎಂದರೆ, ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಅಂಗಡಿಯವನೇ ಅಳಿಸಿದ್ದ.

ಅದನ್ನು ಪುನಃ ಜೋರು ಮಾಡಲಾಗುವುದಿಲ್ಲವೇ ಎಂದು ಕೇಳಿದೆ.

"ಮೆಲ್ಲಗೆ ಇದ್ದದ್ದನ್ನು ಜೋರು ಮಾಡ್ಬಹುದು. ಸೊನ್ನೆಯನ್ನು ಎಂತ ಮಾಡುವುದು? ಎಷ್ಟರಿಂದ ಗುಣಿಸಿದ್ರೂ ಸೊನ್ನೆಯೇ ಅಲ್ವಾ?"

ಅವನ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ, ಆದರೂ ಸಿಟ್ಟು ಬಂತು. ಗಟ್ಟಿಯಾಗಿ ಮಾತಾಡಿದವರದ್ದು ಉಳಿಯುತ್ತದೆ, ಮೆಲ್ಲಗೆ ಮಾತಾಡಿದವರು ಇರಲೇ ಇಲ್ಲ ಎಂಬ ಲೆಕ್ಕ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಇತ್ತು. ಅದಕ್ಕೆ ಕಂಪ್ಯೂಟರ್ ಬರಬೇಕೆಂದಿರಲಿಲ್ಲ.

ಗುಂಪಿನಲ್ಲಿ ಅಣ್ಣನ ಮಗಳು ನಗುವ ಚಿತ್ರಗಳನ್ನು ಸಾಲಾಗಿ ಹಾಕಿ, ಅಜ್ಜಿಗೆ ಯಾವಾಗಲೂ ಸಾಮಾನಿನದ್ದೇ ಚಿಂತೆ ಎಂದು ಬರೆದಿದ್ದಳು. ಉಳಿದವರೂ ನಕ್ಕಿದ್ದರು. ತನಗಾಗಿ ಒಂದು ಕರವಸ್ತ್ರವನ್ನೂ ಕೇಳದ ಹೆಂಗಸು ಇನ್ನು ಮೊಮ್ಮಕ್ಕಳ ಕಾಲಕ್ಕೂ ಮಿಕ್ಸಿ ಬೇಡುತ್ತಲೇ ಇರುತ್ತಾಳೆ.

ಆ ಸಂಜೆ ಅಣ್ಣನ ಎದುರು ಕುಳಿತು ಹೇಳಿದೆ. ಟೇಪಿನಲ್ಲಿ ಇನ್ನೊಂದು ಮಾತಿತ್ತು, ಅವನು ಪಳ್ಳಿಗೆ ಹೋದ ಮೇಲೆ ಉಮ್ಮ ಹೇಳುತ್ತಿದ್ದದ್ದು, ಅದು ಹೋಯಿತು ಎಂದೆ. ಇದ್ದಿದ್ದರೆ ಬರುತ್ತಿತ್ತು, ಇಲ್ಲದ್ದು ಎಲ್ಲಿಂದ ಬರುವುದು ಎಂದ. ಮೆಲ್ಲಗೆ ಹೇಳಿದ್ದಳು, ಅದಕ್ಕೇ ಹೋದದ್ದು ಎಂದೆ. ಅವನು ಚಹಾದ ಗ್ಲಾಸನ್ನು ಕೆಳಗಿಟ್ಟ.

"ಮೆಲ್ಲಗೆ ಯಾಕೆ? ಈ ಮನೆಯಲ್ಲಿ ಉಮ್ಮ ಯಾರಿಗೆ ಹೆದರ್ಬೇಕಿತ್ತು?"

ಕುಹಕವೇನೂ ಇರಲಿಲ್ಲ. ಅವನು ನನ್ನ ಮುಖ ನೋಡುತ್ತಾ ನಿಜವಾಗಿಯೂ ಉತ್ತರಕ್ಕೆ ಕಾಯುತ್ತಿದ್ದ.