ಗಂಗಾಧರಯ್ಯನವರ ‘ಅಲ್ವಾ?’

ಚನ್ನರಾಯಪಟ್ಟಣದ ಎಣ್ಣೆ ಮಿಲ್ಲಿನ ಗಂಗಾಧರಯ್ಯನವರಿಗೆ ಏನು ಮಾತಾಡಿದರೂ ಕೊನೆಗೊಂದು ‘ಅಲ್ವಾ?’ ಸೇರಿಸುವ ಚಾಳಿ. ಕೇಳಿದವರು ‘ಹೌದು ಸಾಮಿ’ ಎನ್ನಬೇಕು, ಎನ್ನುತ್ತಲೂ ಇದ್ದರು. ಮನುಷ್ಯ ಒಳ್ಳೆಯವರೇ, ಕೈ ಧಾರಾಳ. ಆದರೆ ಕೋಪ ಮೂಗಿನ ತುದಿಯಲ್ಲಿ. ಅಂಥವರಿಗೆ ‘ಅಲ್ಲ’ ಎಂದು ಹೇಳಿ ಯಾರು ತಾನೇ ಮೈಮೇಲೆ ಎಳೆದುಕೊಳ್ಳುತ್ತಾರೆ?

ಅರವತ್ತರ ದಶಕದ ಕೊನೆಯ ಹೊತ್ತಿಗೆ, ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬರುತ್ತದೆಂಬ ಸುದ್ದಿ ಬಸ್ಸುಬಸ್ಸಿನಲ್ಲೂ ಓಡಾಡತೊಡಗಿದಾಗ, ಅವರ ತಲೆಗೆ ಹುಳ ಹೊಕ್ಕಿತು. ಕೂಲಿಗೆ ಜನ ಬಂದು ತುಂಬುತ್ತಾರೆ, ಅಷ್ಟು ಜನರ ಒಗ್ಗರಣೆಗೆ ಎಣ್ಣೆ ಬೇಕು, ಗೊರೂರಿನಲ್ಲಿ ಇನ್ನೊಂದು ಮಿಲ್ಲು ಹಾಕಿಬಿಡುವುದು. ಬಂಡವಾಳಕ್ಕೆ ಹೆಂಡತಿ ರೇವಮ್ಮನವರಿಗೆ ತವರಿನಿಂದ ಬಂದ ತೆಂಗಿನ ತೋಟವಿತ್ತು. “ಅದನ್ನ ಮಾರಿದ್ರೆ ಆಯ್ತು, ಅಲ್ವಾ?” ಎಂದರು. ರೇವಮ್ಮ ರೊಟ್ಟಿ ತಟ್ಟುತ್ತಲೇ “ಹೂಂ” ಎಂದರು. ಸೋಮವಾರ ರಿಜಿಸ್ಟ್ರಿ ಎಂದು ನಿಗದಿಯಾಯಿತು. ಎಲ್ಲರೂ ಹೌದು ಎಂದಮೇಲೂ ಗಂಗಾಧರಯ್ಯನವರಿಗೆ ಯಾಕೋ ಊಟ ರುಚಿಸುತ್ತಿರಲಿಲ್ಲ.

ಹಾಸನದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದ ಚಂದ್ರಶೇಖರಯ್ಯ ಮೇಷ್ಟ್ರು ಮಿಲ್ಲಿಗೆ ಬಂದದ್ದು ಅದೇ ವಾರ. ಹುಡುಗರು ಪುಸ್ತಕ ನುಂಗಿ ಪರೀಕ್ಷೆಯಲ್ಲಿ ಹಾಗೇ ಕಕ್ಕುತ್ತಾರೆ, ಸ್ವಂತ ತಲೆ ಓಡಿಸುವುದಿಲ್ಲ ಎಂಬುದು ಈ ಮೇಷ್ಟ್ರ ಕೊರಗು. ಅದಕ್ಕಾಗಿ ಆಗಾಗ ಒಬ್ಬ ವ್ಯಾಪಾರಸ್ಥರನ್ನೋ ಮಿಲ್ಲಿನವರನ್ನೋ ತರಗತಿಗೆ ಕರೆತಂದು ನಿಲ್ಲಿಸುತ್ತಿದ್ದರು. ಈ ಸಲ ಗಂಗಾಧರಯ್ಯನವರ ಸರದಿ.

“ಬುದ್ಧಿವಾದ ಬ್ಯಾಡಿ ಸ್ವಾಮಿ. ನಿಮಗೇ ಇನ್ನೂ ಇತ್ಯರ್ಥ ಆಗ್ದೆ ಇರೋದನ್ನ ತನ್ನಿ. ಹುಡುಗ್ರು ಅದನ್ನ ಕೆದಕಲಿ” ಎಂದರು.

ತಮಗೆ ಇತ್ಯರ್ಥವಾಗದ್ದು ಯಾವುದಿದೆ ಎಂದುಕೊಂಡ ಗಂಗಾಧರಯ್ಯನವರು ಗೊರೂರಿನ ಮಿಲ್ಲಿನ ವಿಷಯವನ್ನೇ ಇಟ್ಟುಕೊಂಡು ಶನಿವಾರ ಹೊರಟರು. ಓದಿದವರಿಂದಲೂ ಒಂದು ಶಹಭಾಸ್ ಬಿದ್ದರೆ ಸೋಮವಾರ ನೆಮ್ಮದಿಯಾಗಿ ರಿಜಿಸ್ಟ್ರಿ ಮುಗಿಸಬಹುದಿತ್ತು.

ಹಾರ ಹಾಕಿಸಿಕೊಂಡರು, ಜರಿ ರುಮಾಲು ಸರಿಮಾಡಿಕೊಂಡರು, ಶುರು ಮಾಡಿದರು. ಒಂದೊಂದು ‘ಅಲ್ವಾ?’ಗೂ ಇಡೀ ತರಗತಿ ಒಕ್ಕೊರಲಿನಲ್ಲಿ “ಹೌದು ಸಾ” ಎಂದಿತು. ಮೊದಮೊದಲು ಖುಷಿಯೇ ಆಯಿತು. ಬರಬರುತ್ತಾ ತಮ್ಮ ಮಿಲ್ಲಿನಲ್ಲೇ ಆಳುಗಳ ಮುಂದೆ ನಿಂತ ಹಾಗಾಗಿ ಮಾತು ಸೊರಗಿತು.

ಹಿಂದಿನ ಬೆಂಚಿನಿಂದ ಚಂದ್ರಶೇಖರಯ್ಯ ಎದ್ದರು. “ಅತಿಥಿಗೆ ಎದುರಾಡಬಾರ್ದು ಅಂತ ಮನೇಲಿ ಹೇಳ್ಕೊಟ್ಟಿದಾರೆ, ಸರಿ. ಆದ್ರೆ ಹೌದು ಅಂದ್ರಲ್ಲ, ಯಾಕೆ ಹೌದು? ಒಬ್ಬೊಬ್ರೇ ಹೇಳಿ.”

ಕೊನೆಗೆ ಮುಂದಿನ ಬೆಂಚಿನ ಪ್ರೇಮಕುಮಾರಿ ಎಂಬ ಹುಡುಗಿ ಎದ್ದು ನಿಂತಳು.

“ಎಣ್ಣೆಗೆ ಹುಚ್ಚೆಳ್ಳು ಎಲ್ಲಿಂದ ತತ್ತೀರಾ ಸಾ?”

“ಹೊಳೆ ಮೇಲಿನ ಹಳ್ಳಿಗಳಿಂದ ಕಣಮ್ಮ. ಗಾಡಿ ಬಾಡಿಗೇನೂ ಉಳೀತದೆ, ಅಲ್ವಾ?”

“ಅಲ್ಲ ಸಾ” ಎಂದಳು ಹುಡುಗಿ. “ಕಟ್ಟೆ ಕಟ್ಟಿದ್ರೆ ಆ ಹಳ್ಳಿಗಳೇ ಮುಳುಗೋದು. ನಮ್ಮೂರೂ ಅದ್ರಲ್ಲೈತೆ.”

ಗಂಗಾಧರಯ್ಯನವರ ಕಿವಿ ಬಿಸಿಯಾಯಿತು. ಹಗಲೂ ಇರುಳೂ ಅಣೆಕಟ್ಟಿನ ಬಗ್ಗೆ ಯೋಚಿಸಿದ ಮನುಷ್ಯ ನೀರಿನ ಬಗ್ಗೆ ಯೋಚಿಸಿರಲೇ ಇಲ್ಲ! ಅವರು ಬಾಯಿ ತೆರೆಯುವಷ್ಟರಲ್ಲಿ ಅರಕಲಗೂಡಿನ ಹುಡುಗನೊಬ್ಬ ಎದ್ದ. “ಕೆಲ್ಸ ಮುಗುದ್ರೆ ಕೂಲಿಯೋರು ಒಂಟೋಯ್ತಾರೆ ಸಾ. ಆಮ್ಯಾಕೆ ಯಾರಿಗೆ ಮಾರ್ತೀರಾ?”

ಇನ್ನೊಬ್ಬ ಅತಿಥಿಯ ಪರ ವಹಿಸಿದ. “ಚನ್ನರಾಯಪಟ್ಟಣದಿಂದ ಕೊಬ್ಬರಿ ತಂದು ಎಣ್ಣೆ ತೆಗೆದ್ರಾಯ್ತು.”

“ಅಂಗಾದ್ರೆ ಅಲ್ಲಿಂದ ಎಣ್ಣೇನೇ ತರ್ಬೋದಲ್ಲೋ, ಗೊರೂರಾಗೆ ಮಿಲ್ಲು ಯಾಕೆ?” ಎಂದ ಅರಕಲಗೂಡಿನವನು.

ಮಾತಿಗೆ ಮಾತು ಬೆಳೆದು ತರಗತಿ ಸಂತೆಯಾಯಿತು. ತಾವೂ ಒಂದು ಮಾತು ಹೇಳಬೇಕೆಂದು ಗಂಗಾಧರಯ್ಯನವರೇ ಮೇಜು ಕುಟ್ಟಬೇಕಾಯಿತು. ಕುಟ್ಟಿದವರು ಜೋರಾಗಿ ನಕ್ಕುಬಿಟ್ಟರು. ಎಷ್ಟೋ ದಿನದಿಂದ ಎದೆಯ ಮೇಲಿದ್ದ ಭಾರವನ್ನು ಯಾರೋ ಎತ್ತಿ ಕೆಳಗಿಟ್ಟಂತಾಗಿತ್ತು. ಚಂದ್ರಶೇಖರಯ್ಯನವರಂತೂ ಮದುವೆ ಮನೆಯ ಯಜಮಾನರ ಹಾಗೆ ಓಡಾಡುತ್ತಿದ್ದರು.

ಹೊರಡುವಾಗ ಗಂಗಾಧರಯ್ಯನವರು ಪ್ರೇಮಕುಮಾರಿಯನ್ನು ಕರೆದು, “ನಿಮ್ಮೂರಿನೋರು ಎಲ್ಲಿಗೆ ಓಗ್ತಾರಮ್ಮ?” ಎಂದರು.

“ಗೊತ್ತಿಲ್ಲ ಸಾ. ಇನ್ನೂ ಯಾರೂ ಬಂದು ಕೇಳಿಲ್ಲ.”

ಊರಿನ ಬಸ್ಸು ಶಾಂತಿಗ್ರಾಮ ದಾಟಿದರೂ ಆ ಮಾತು ಅವರ ಜೊತೆಯಲ್ಲೇ ಬಂತು. ಬದುಕಿದೆನಪ್ಪಾ ಎನ್ನಿಸುವಾಗಲೂ ಆ ಹುಡುಗಿಯ ಮುಖ ನೆನಪಾಗಿ ಸಂಕಟವಾಯಿತು.

ಮನೆಗೆ ಬಂದವರೇ ಜಗಲಿಯ ಮೇಲಿದ್ದ ರೇವಮ್ಮನವರಿಗೆ, “ತ್ವಾಟ ಮಾರಲ್ಲ ಕಣೆ” ಎಂದು ನಡೆದದ್ದನ್ನೆಲ್ಲ ಹೇಳಿದರು. ರೇವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಆ ಮಿಲ್ಲು ನಡೆಯಲ್ಲ ಅಂತ ನಂಗೂ ಗೊತ್ತಿತ್ತು.”

“ಮತ್ತೆ ಹೇಳಬಾರ್ದಾಗಿತ್ತಾ?”

“ಇಷ್ಟು ವರ್ಸದಾಗೆ ನನ್ನ ಯಾವಾಗ ಕೇಳಿದ್ರಿ?”

ಗಂಗಾಧರಯ್ಯನವರು ರುಮಾಲು ತೆಗೆದಿಟ್ಟು ಪಕ್ಕದಲ್ಲಿ ಕುಳಿತರು. “ಈಗ ಕೇಳ್ತಿದೀನಿ. ಇನ್ನೇನಾದ್ರೂ ಇದ್ರೆ ಹೇಳ್ಬುಡು.”

ರೇವಮ್ಮ ಕಾಲು ಮಡಿಚಿ ಸರಿಯಾಗಿ ಕುಳಿತುಕೊಂಡರು. “ಮೊದ್ಲು ಕೈಕಾಲು ತೊಳ್ಕಂಡು ಏನಾದ್ರೂ ತಿಂದು ಬನ್ನಿ. ವಸಿ ಹೊತ್ತು ಹಿಡೀತದೆ.”