ಪರದೆಗೆ ಅಂಟಿದ ಹಳದಿ ಹಾಳೆ

ನಮ್ಮ ಮನೆಗೆ ಫ್ರಿಜ್ಜು ಬಂದು ಒಂಬತ್ತು ವರ್ಷವಾಯಿತು. ಕಂಪೆನಿಯವರು ಅದರ ಬಾಗಿಲಿಗೆ ಅಂಟಿಸಿ ಕಳಿಸಿದ ಪ್ಲಾಸ್ಟಿಕ್ ಹಾಳೆ ಮೊನ್ನೆಯವರೆಗೂ ಹಾಗೇ ಇತ್ತು. ಅಂಚು ಎದ್ದು, ಒಳಗೆ ಕೊಳೆ ಸೇರಿ ಕಪ್ಪಾಗಿದ್ದರೂ ತೆಗೆಯಲು ನಾನು ಯಾರನ್ನೂ ಬಿಡುತ್ತಿರಲಿಲ್ಲ. ಕುರ್ಚಿ, ಗಡಿಯಾರ, ಸ್ಕೂಟರಿನ ಸೀಟು, ಎಲ್ಲದಕ್ಕೂ ಇದೇ ನಿಯಮ. ಹಾಳೆ ಇರುವಷ್ಟು ದಿನ ವಸ್ತು ಹೊಸದು. ಕಾಪುವಿನಲ್ಲಿ ನನ್ನಂಥವರು ಮನೆಗೊಬ್ಬರು ಸಿಗುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಹಾಳುಮಾಡಿಕೊಳ್ಳುವುದು ತಮ್ಮ ಫ್ರಿಜ್ಜನ್ನು. ನಾನು ಒಬ್ಬ ಹೆಂಗಸಿನ ಹೆಸರನ್ನು ಹಾಳುಮಾಡಿದೆ.

ಕಾಪು ಪೇಟೆಯಲ್ಲಿ ನನ್ನದು ಸಣ್ಣ ಸ್ಟುಡಿಯೋ. ಎಸ್ಸೆಸ್ಸೆಲ್ಸಿ ಮುಗಿಸಿ ಕ್ಯಾಮರಾ ಹಿಡಿದವನು ನಾನು. ಕತ್ತಲೆ ಕೋಣೆಯಲ್ಲಿ ಫಿಲಂ ತೊಳೆಯಲು ಗೊತ್ತಿತ್ತು, ಕಂಪ್ಯೂಟರ್ ಗೊತ್ತಿರಲಿಲ್ಲ. ಅದು ಬಂದಾಗ ಶಿರ್ವದ ಕಡೆಯ ಒಬ್ಬಳನ್ನು ಕೆಲಸಕ್ಕೆ ತೆಗೆದುಕೊಂಡೆ. ಇಪ್ಪತ್ತು ವರ್ಷ ನನ್ನ ಸ್ಟುಡಿಯೋದ ಪ್ರತಿಯೊಂದು ಮುಖವನ್ನೂ ಸರಿಮಾಡಿದವಳು ಅವಳು. ಜನ ಹೊಗಳುತ್ತಿದ್ದುದು ನನ್ನನ್ನು.

ಹಳೆಯ ಕಂಪ್ಯೂಟರ್ ಪೂರ್ತಿ ನಿಂತುಹೋದಾಗ ಇಬ್ಬರೂ ಉಡುಪಿಯ ಒಂದು ಅಂಗಡಿಗೆ ಹೋದೆವು. ಅವಳು ಬೇಕಾದದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ತಂದಿದ್ದಳು. ಪರದೆ ದೊಡ್ಡದಿರಬೇಕಾಗಿಲ್ಲ, ಬಣ್ಣ ನಿಜ ತೋರಿಸಬೇಕು ಎಂಬುದು ಅದರ ಮೊದಲ ಸಾಲು. ಸೇಲ್ಸ್‌ನವನು ಚೀಟಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ‘ಸರ್, ನೀವು ಹೇಳಿ’ ಎಂದ. ಸರ್ ಎಂದದ್ದೇ ಸಾಕಾಯಿತು. ಒಳಗೆ ಕೆಂಪು ಹಸಿರು ದೀಪ ತಿರುಗುವ ಗಾಜಿನ ಡಬ್ಬದ ಕಂಪ್ಯೂಟರನ್ನೂ, ಬಾಗಿಲಿನಷ್ಟು ಅಗಲದ ಪರದೆಯನ್ನೂ ತೋರಿಸಿ, ಇದೇ ಇರಲಿ ಎಂದೆ.

‘ಅಣ್ಣ, ಇದು ಮಕ್ಕಳು ಆಟ ಆಡುವುದು’ ಎಂದಳು.

‘ನೀನು ಸುಮ್ಮನಿರು ಮಾರಾಯ್ತಿ. ಗಿರಾಕಿಗಳು ನೋಡುವುದು ಬೇಡವಾ?’

ಸೇಲ್ಸ್‌ನವನು ನಕ್ಕ. ಪರದೆಗೆ ಒಂದು ಗಾರ್ಡ್ ಹಾಳೆಯನ್ನು ಪುಕ್ಕಟೆಯಾಗಿ ಅಂಟಿಸಿಯೂ ಕೊಟ್ಟ. ಕಣ್ಣಿಗೆ ತಂಪು, ಗೀರು ಬೀಳುವುದಿಲ್ಲ ಎಂದ. ನೀರಿಗೆ ಚಿಟಿಕೆ ಅರಶಿನ ಕಲಸಿದಂಥ ತೆಳು ಹಳದಿ ಬಣ್ಣದ ಹಾಳೆ ಅದು. ನನಗೆ ಕಂಡದ್ದು ಪುಕ್ಕಟೆ ಎನ್ನುವುದು ಮಾತ್ರ.

ಸ್ಟುಡಿಯೋದಲ್ಲಿ ವಯರುಗಳನ್ನೆಲ್ಲ ಜೋಡಿಸಿ, ಹಳೆಯ ಫೋಟೋಗಳನ್ನು ಹೊಸದಕ್ಕೆ ತುಂಬಿಸಲು ಅವಳಿಗೆ ಎರಡು ದಿನ ಹಿಡಿಯಿತು. ಮೂರನೆಯ ದಿನ ಹಾಳೆಯ ಮೂಲೆಗೆ ಉಗುರು ಹಾಕಿದಳು. ನಾನು ಅವಳ ಕೈ ತಳ್ಳಿದೆ.

‘ಇದರ ಅಡಿಯಲ್ಲಿ ಬಣ್ಣವೇ ಗೊತ್ತಾಗುವುದಿಲ್ಲ ಅಣ್ಣ. ಎಲ್ಲರಿಗೂ ಕಾಮಾಲೆ ಬಂದ ಹಾಗೆ ಕಾಣ್ತದೆ.’

‘ಗೀರು ಬಿದ್ದರೆ ನಿನ್ನಪ್ಪ ಹೊಸದು ತಂದುಕೊಡ್ತಾನಾ?’

ಅವಳ ಅಪ್ಪ ತೀರಿಕೊಂಡು ಆಗ ವರ್ಷವೂ ಆಗಿರಲಿಲ್ಲ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಮುದ್ರಿಸಲು ಲ್ಯಾಬಿಗೆ ಕಳಿಸುವ ಮೊದಲು ಪ್ರತಿಯೊಂದು ಫೋಟೋವನ್ನೂ ತನ್ನ ಮೊಬೈಲಿಗೆ ಹಾಕಿಕೊಂಡು, ಅದರಲ್ಲಿ ಬಣ್ಣ ನೋಡಿ ಸರಿಮಾಡುತ್ತಿದ್ದಳಂತೆ. ಮೂರು ತಿಂಗಳು ಹೀಗೆಯೇ ನನ್ನ ಮರ್ಯಾದೆ ಉಳಿಸಿದ್ದಳು. ನನಗೆ ಆಮೇಲೆ ಗೊತ್ತಾಯಿತು.

ಆ ಮಳೆಗಾಲದ ಕೊನೆಗೆ ನಮ್ಮ ಕಡಲ ಬದಿಯ ಒಬ್ಬ ಹುಡುಗ ದೋಣಿ ಮಗುಚಿ ತೀರಿಕೊಂಡ. ಎರಡು ದಿನದ ಮೇಲೆ ಸಿಕ್ಕಿದ. ಅವನ ತಾಯಿ ಬುಟ್ಟಿಯಲ್ಲಿ ಮೀನು ಹೊತ್ತು ಮಾರುವವರು. ಬೊಜ್ಜಕ್ಕೆ, ಎಂದರೆ ಉತ್ತರಕ್ರಿಯೆಯ ಊಟದ ದಿನಕ್ಕೆ, ಬಾಗಿಲಲ್ಲಿ ಇಡಲು ದೊಡ್ಡ ಫೋಟೋ ಬೇಕಿತ್ತು. ಇದ್ದದ್ದು ಮದುವೆಯೊಂದರ ಗುಂಪಿನ ಚಿತ್ರ ಮಾತ್ರ.

‘ಕೋಟು ಗೀಟು ಹಾಕಬೇಡಿ, ಬಿಳಿ ಮಾಡಬೇಡಿ. ಅವನ ಬಣ್ಣ ಅವನದ್ದೇ ಇರಲಿ. ನೀರಿನಿಂದ ತೆಗೆದಾಗ ಇದ್ದ ಬಣ್ಣ ನನ್ನ ಕಣ್ಣಿನಿಂದ ಹೋಗಬೇಕು’ ಎಂದರು.

ಇದಕ್ಕಿಂತ ಸ್ಪಷ್ಟವಾಗಿ ಒಬ್ಬ ಗಿರಾಕಿ ಏನು ಹೇಳಬೇಕು?

ಶಿರ್ವದವಳು ಮುಖವನ್ನು ಗುಂಪಿನಿಂದ ಬೇರೆ ಮಾಡಿ, ದೊಡ್ಡದು ಮಾಡಿ, ಚೆನ್ನಾಗಿಯೇ ಸಿದ್ಧಮಾಡಿದ್ದಳು. ನಾನು ಹಿಂದೆ ನಿಂತು ನೋಡಿದೆ. ಮುಖ ಹಳದಿಯಾಗಿ ಕಂಡಿತು. ‘ಹಳದಿ ತೆಗೆ’ ಎಂದೆ. ಇಲ್ಲ ಅಣ್ಣ, ಇದು ಸರಿ ಉಂಟು, ಮೊಬೈಲಿನಲ್ಲಿ ನೋಡಿ ಎಂದು ಎತ್ತಿ ತೋರಿಸಿದಳು. ನಲವತ್ತು ವರ್ಷ ಮುಖ ನೋಡಿದವನಿಗೆ ಅಂಗೈ ಅಗಲದ್ದನ್ನು ತೋರಿಸುತ್ತಾಳಲ್ಲ ಎಂದು ಸಿಟ್ಟು ಬಂತು. ಅವಳನ್ನು ಎಬ್ಬಿಸಿ ನಾನೇ ಕುಳಿತೆ. ಹಳದಿ ಹೋಗುವವರೆಗೆ ನೀಲಿಯನ್ನು ಏರಿಸಿ, ಮಣಿಪಾಲದ ಲ್ಯಾಬಿಗೆ ಕಳಿಸಿದೆ.

ಫ್ರೇಮು ಹಾಕಿದ ಫೋಟೋ ಬೊಜ್ಜದ ಬೆಳಿಗ್ಗೆ ಕಾಗದ ಸುತ್ತಿಕೊಂಡು ಬಂತು. ಬಿಚ್ಚಿ ನೋಡದೆ ಹಾಗೇ ತೆಗೆದುಕೊಂಡು ಹೋದೆ. ಅವಳೂ ಜೊತೆಗಿದ್ದಳು. ಅಂಗಳದ ತುಂಬ ಜನ. ಬಾಗಿಲಲ್ಲಿ ಕುರ್ಚಿ, ದೀಪ, ಮಾಲೆ ಸಿದ್ಧವಾಗಿದ್ದವು. ಯಾರೋ ಕಾಗದ ಹರಿದರು.

ಮುಖ ನೀಲಿಗಟ್ಟಿತ್ತು. ತುಟಿ ಕಪ್ಪಾಗಿತ್ತು. ನೀರಿನಲ್ಲಿ ಎರಡು ದಿನ ಇದ್ದವನ ಮುಖವನ್ನೇ ನಾನು ಫ್ರೇಮು ಹಾಕಿ ತಂದಿದ್ದೆ.

ತಾಯಿ ಮುಖದ ಮೇಲೆ ಸೆರಗು ಎಳೆದುಕೊಂಡು ಕುಸಿದರು. ಹುಡುಗನ ಮಾವ ನನ್ನ ಕಡೆ ತಿರುಗಿ, ‘ಎಂತ ಮಾರಾಯ್ರೆ ಇದು?’ ಎಂದರು. ನನಗೆ ಯೋಚಿಸಲು ಸಮಯವಿರಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಸಮಯವಿತ್ತು. ಅವಳ ಮುಖ ನೋಡಿದೆ, ಜನರನ್ನು ನೋಡಿದೆ, ಆಮೇಲೆ ಹೇಳಿದೆ: ‘ನಾನಲ್ಲ, ಇವಳ ಕೆಲಸ. ಹೇಳಿದರೆ ಕೇಳುವುದಿಲ್ಲ.’

ಅವಳು ಚಪ್ಪಲಿ ಹಾಕಿಕೊಂಡು ಹೋದಳು. ಸ್ಟುಡಿಯೋಗೆ ಮತ್ತೆ ಬರಲಿಲ್ಲ.

ನಾಲ್ಕು ದಿನ ಬಿಟ್ಟು ಲ್ಯಾಬಿನವರಿಗೂ ಬೈಯಲು ಮಣಿಪಾಲಕ್ಕೆ ಹೋದೆ. ಅಲ್ಲಿಯವನು ನನ್ನ ಫೈಲನ್ನು ತನ್ನ ಪರದೆಯಲ್ಲಿ ತೆರೆದ. ಅಲ್ಲಿಯೂ ಅದೇ ನೀಲಿ. ‘ನಿಮ್ಮ ಪರದೆಗೆ ಎಂತಾದರೂ ಅಂಟಿಸಿದ್ದೀರಾ?’ ಎಂದು ಕೇಳಿದ. ಕಾಪುವಿಗೆ ಬಂದು ಬಾಗಿಲು ಹಾಕಿ, ಆ ಫೋಟೋವನ್ನು ಪರದೆಯಲ್ಲಿ ತೆರೆದು, ಹಾಳೆಯ ಮೂಲೆ ಹಿಡಿದು ಎಳೆದೆ. ಅರ್ಧ ಎಳೆಯುವಷ್ಟರಲ್ಲೇ ಒಂದು ಕೆನ್ನೆ ನೀಲಿ, ಒಂದು ಕೆನ್ನೆ ಸರಿ.

ಆಗಲಾದರೂ ಹೇಳಬಹುದಿತ್ತು. ನಾನು ಮಾಡಿದ್ದೇನು? ಅವಳು ಸಿದ್ಧಮಾಡಿಟ್ಟಿದ್ದ ಮೊದಲ ಫೈಲು ಕಂಪ್ಯೂಟರಿನಲ್ಲೇ ಇತ್ತು. ಅದನ್ನು ಮುದ್ರಿಸಿ, ‘ನಾನೇ ಕೂತು ಸರಿಮಾಡಿದೆ’ ಎಂದು ಹುಡುಗನ ತಾಯಿಗೆ ಕೊಟ್ಟೆ. ಅವರು ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಅವಳ ಕೆಲಸಕ್ಕೆ ಸಂದ ಆ ಮರ್ಯಾದೆಯನ್ನೂ ನಾನೇ ತೆಗೆದುಕೊಂಡೆ. ಈಗ ಇದನ್ನು ಬರೆಯುವಾಗ ಆ ಕೈಯನ್ನು ನೋಡಲು ಹೇಸಿಗೆಯಾಗುತ್ತದೆ.

ಎಂಟು ತಿಂಗಳ ನಂತರ ಮದುವೆಯೊಂದಕ್ಕೆ ಕಾರ್ಕಳಕ್ಕೆ ಹೋದಾಗ ಒಂದು ಜೆರಾಕ್ಸ್ ಅಂಗಡಿಯಲ್ಲಿ ಅವಳನ್ನು ಕಂಡೆ. ಆಧಾರ್ ಕಾರ್ಡ್ ಜೆರಾಕ್ಸ್ ಮಾಡಿ ಕತ್ತರಿಸುತ್ತಿದ್ದಳು. ಕಾಪುವಿನಲ್ಲಿ, ಉಡುಪಿಯಲ್ಲಿ ಸ್ಟುಡಿಯೋ ಕೆಲಸ ಕೇಳಿದ್ದಳಂತೆ. ಸತ್ತವನ ಫೋಟೋ ಕೆಡಿಸಿದವಳಲ್ವಾ ಎಂದು ಕಳಿಸಿದರಂತೆ. ಅಂಗಡಿಯ ಮೆಟ್ಟಿಲ ಬಳಿ ನಿಂತು, ತಪ್ಪು ನನ್ನದು ಎಂದೆ.

‘ನನಗೆ ಗೊತ್ತುಂಟಲ್ಲ ಅಣ್ಣ’ ಎಂದಳು. ಕತ್ತರಿ ನಿಲ್ಲಿಸಲಿಲ್ಲ. ‘ಗೊತ್ತಿಲ್ಲದವರಿಗೆ ಹೇಳಿ.’

‘ವಾಪಸ್ ಬಾ.’

‘ಯಾರ ಹೆಸರಿನಲ್ಲಿ ಬರಲಿ? ಕೆಡಿಸಿದವಳಾಗಿಯಾ?’

ಹುಡುಗನ ವರ್ಷಾಂತಿಕಕ್ಕೆ ಕರೆ ಬಂದಿತ್ತು. ಅದೇ ಅಂಗಳ, ಹೆಚ್ಚುಕಡಿಮೆ ಅದೇ ಜನ. ಎಲೆ ಹಾಕಿ, ಅನ್ನ ಬಡಿಸುವ ಮೊದಲು ಎದ್ದು ನಿಂತೆ. ಹಾಳೆಯ ವಿಷಯ, ನೀಲಿ ಏರಿಸಿದ ವಿಷಯ, ಸುಳ್ಳು ಹೇಳಿದ ವಿಷಯ ಎಲ್ಲ ಹೇಳಿದೆ. ತಾಯಿ ಒಳಗಿನಿಂದ ಬಾಗಿಲಿಗೆ ಬಂದು ಕೇಳುತ್ತ ನಿಂತರು. ‘ಆ ಮಗಳನ್ನು ನಾನು ಒಂದು ವರ್ಷ ಶಪಿಸಿದೆನಲ್ಲ’ ಎಂದಷ್ಟೇ ಹೇಳಿ ಒಳಗೆ ಹೋದರು. ಅವರು ನನಗೆ ಬೈದಿದ್ದರೆ ಒಳ್ಳೆಯದಿತ್ತು.

‘ಕೂತುಕೊಳ್ಳಿ ಮಾರಾಯ್ರೆ, ಸಾರು ತಣಿಯುತ್ತದೆ’ ಎಂದರು ಒಬ್ಬರು. ನಾಲ್ಕು ಜನ ನಕ್ಕರು.

ಕುಳಿತೆ. ಪಕ್ಕದ ಎಲೆಯಲ್ಲಿ ನನ್ನದೇ ಪ್ರಾಯದವರೊಬ್ಬರು, ಬಲೆ ನೇಯುವವರು, ಉಪ್ಪಿನಕಾಯಿ ನೆಕ್ಕುತ್ತ ನನ್ನ ಕಡೆ ಬಾಗಿ, ‘ಎಷ್ಟಾದರೂ ನಿಮ್ಮದು ದೊಡ್ಡ ಮನಸ್ಸು, ಬೇರೆಯವರ ತಪ್ಪನ್ನು ತಲೆಗೆ ಹಾಕಿಕೊಂಡಿರಿ. ಫೋಟೋ ಕೆಡಿಸಿದ್ದು ಆ ಹೆಂಗಸಲ್ವಾ?’ ಎಂದರು.

ನಾನು ಎಲೆ ಬಿಟ್ಟು ಎದ್ದೆ. ಅವರ ಎದುರಿಗೆ ನೆಲದ ಮೇಲೆ ಕುಳಿತು, ಉಡುಪಿಯ ಅಂಗಡಿಯಿಂದ ಹಿಡಿದು ಎಲ್ಲವನ್ನೂ ಮತ್ತೊಮ್ಮೆ ಹೇಳತೊಡಗಿದೆ.