ಕುದುರೆ ಹತ್ತದ ರಾವುತರು

ಪಕ್ಕದ ಮನೆಯವರು ಕುದುರೆ ಕೊಂಡಾಗಿನಿಂದ ಬೀದಿಗೆಲ್ಲ ಅವರು ರಾವುತರು. ಅದರ ಬೆನ್ನೇರಿದ್ದನ್ನು ಮಾತ್ರ ಇದುವರೆಗೆ ಯಾರೂ ಕಂಡಿಲ್ಲ. ಬಿಸಿಲಾದರೆ ಜೀನಿನಡಿ ಅದರ ಬೆನ್ನು ಬೇಯುತ್ತದಂತೆ, ಮೋಡ ಕವಿದರೆ ಗೊರಸು ಜಾರುತ್ತದಂತೆ. ನಾನು ತುತ್ತು ಬಾಯಿಗಿಡುವ ಹೊತ್ತಿಗೇ ಕಾಂಪೌಂಡಿನ ಮೇಲೆ ಅವರ ತಲೆ ಏಳುತ್ತದೆ: "ಇವತ್ತಿನ್ನೂ ಲದ್ದಿ ಹಾಕಿಲ್ಲ ಕಣ್ರೀ!" ಹಾಕಿದರೆ ಅದೂ ವರದಿಯಾಗುತ್ತದೆ, ಬಣ್ಣದ ಸಮೇತ. ಕುದುರೆ ಸೀನಿದರೆ ನ್ಯುಮೋನಿಯಾ, ಬಾಲ ಬೀಸಿದರೆ ಹೊಟ್ಟೆನೋವು, ಸುಮ್ಮನೆ ನಿಂತರೆ ಮನೋವ್ಯಥೆ. ಹೆಂಡತಿಗೆ ಜ್ವರ ಬಂದಾಗ "ಒಂದು ಮಾತ್ರೆ ನುಂಗು, ಹೋಗತ್ತೆ" ಎಂದಿದ್ದ ಮಹಾನುಭಾವರು, ಕುದುರೆಯ ಹೊಟ್ಟೆಗೆ ಕಿವಿಯಾನಿಸಿ ಗುಡುಗುಡು ಸದ್ದು ಆಲಿಸುತ್ತಾ ನಿಲ್ಲುತ್ತಾರೆ. ಮೊನ್ನೆ ಮಧ್ಯಾಹ್ನ ಅದು ಲಾಯದಲ್ಲಿ ಕಾಲು ಚಾಚಿ ಮಲಗಿದ್ದೇ ತಡ, "ಹೋಯ್ತು, ಹೋಯ್ತು!" ಎಂದು ಬೊಬ್ಬೆ ಹಾಕಿ ಬೀದಿಯನ್ನೇ ಸೇರಿಸಿದರು. ಅಷ್ಟು ಗಲಾಟೆಗೂ ಕುದುರೆ ಒಂದು ಕಿವಿ ಅಲ್ಲಾಡಿಸಿತು, ಅಷ್ಟೆ. ಊಟ ಬಿಟ್ಟು ಓಡಿಬಂದ ಪಶುವೈದ್ಯರು ಅದನ್ನು ನೋಡಿ ಹಣೆ ಚಚ್ಚಿಕೊಂಡರು. "ನಿದ್ದೆ ಮಾಡ್ತಿದೆ ಸ್ವಾಮಿ! ಕುದುರೆ ನಿಂತೇ ತೂಕಡಿಸತ್ತೆ. ಹೀಗೆ ಮೈಮರೆತು ಮಲಗ್ಬೇಕಾದ್ರೆ ಹತ್ತಿರ ಯಾರೋ ಕಾವಲಿದ್ದಾರೆ ಅನ್ನೋ ಧೈರ್ಯ ಬೇಕು. ಅದು ನಿಮ್ಮನ್ನ ನಂಬಿದೆ." ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ಇವ್ರನ್ನ ಯಾರಾದ್ರೂ ನಂಬಿದ್ದು ಇದೇ ಮೊದಲು" ಎಂದು ಒಳಗೆ ಹೋದರು. ಈಗ ಮಧ್ಯಾಹ್ನವೆಲ್ಲ ರಾವುತರು ಲಾಯದ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು, ಕೆಮ್ಮು ಬಂದರೂ ನುಂಗಿಕೊಂಡು ಕೂತಿರುತ್ತಾರೆ. ಕಾಂಪೌಂಡಿನ ಮೇಲಿಂದ ನಾನೇ "ಲದ್ದಿ ಹಾಕ್ತಾ?" ಎಂದು ಕೇಳಿದರೆ, ತುಟಿಯ ಮೇಲೆ ಬೆರಳಿಡುತ್ತಾರೆ.